ಮಲಪ್ರಭೆಯ ತವರಿನಲ್ಲಿ ಗಾಲಿಕುರ್ಚಿಯ ಆಟ

ಬೆಳಗಾವಿಯಿಂದ ಚೋರ್ಲಾ ಘಟ್ಟದ ಮಾರ್ಗವಾಗಿ ಪಣಜಿಯತ್ತ ಹೊರಟವರಿಗೆ ಪೀರನವಾಡಿ, ಕಿಣಯೆ, ಕುಸಮಳಿಗಳು ಹಿಂದಾದ ಬಳಿಕ ಜೇನಿಗೆ ಹೆಸರಾದ ಜಾಂಬೋಟಿ ಎದುರಾಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 16 ಕಿ.ಮೀ. ಸಾಗಿದರೆ ಕಣಕುಂಬಿ. ಖಾನಾಪುರ ತಾಲೂಕಿಗೆ ಸೇರಿದ ಈ ಗ್ರಾಮವು ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ದಟ್ಟ ಕಾಡುಗಳ ನಡುವೆ, ಗೋವೆಯ ಗಡಿಗೆ ಸಮೀಪದಲ್ಲಿ ನೆಲೆಗೊಂಡಿದೆ. ಕಳಸಾ-ಬಂಡೂರಿ ಕಾಲುವೆಯ ವಾದವಿವಾದಗಳಿಂದಾಗಿ ವೃತ್ತಪತ್ರಿಕೆ ಓದುವವರಿಗೆಲ್ಲ ಈ ಊರಿನ ಹೆಸರು ಪರಿಚಿತವೇ. ಆದರೆ ನಮ್ಮ ಓದುಗ ಬಂಧುಗಳಿಗೆ ಈ ಊರು ಹತ್ತಿರವಾಗಲು ಇನ್ನೊಂದು ಕಾರಣವಿದೆ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಹುಟ್ಟುವುದು ಇಲ್ಲಿಯೇ. ಇಲ್ಲಿಂದ ಹೊರಟ ನದಿಯು ಖಾನಾಪುರವನ್ನು ಬಳಸಿ, ಗಂಗಾಂಬಿಕೆಯವರ ಐಕ್ಯಸ್ಥಳವಾದ ಎಂ.ಕೆ. ಹುಬ್ಬಳ್ಳಿಯನ್ನು ಮುಟ್ಟಿ, ನವಿಲುತೀರ್ಥದ ಜಲಾಶಯವನ್ನು ತುಂಬಿಸಿ, ಪಟ್ಟದಕಲ್ಲು ಐಹೊಳೆಗಳ ಪಕ್ಕದಲ್ಲಿ ಹರಿದು, ಸುಮಾರು 304 ಕಿ.ಮೀ. ದಾರಿ ನಡೆದು ಸಂಗಮವನ್ನು ತಲಪುತ್ತದೆ.

ನದಿಯ ಮೂಲದ ಬಳಿ ಮಾವುಲಿ ದೇವಿಯ ಗುಡಿಯಿದೆ, ತೀರ್ಥದ ಹೊಂಡವಿದೆ. ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಕಣಕುಂಬಿಯೂ ಒಂದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಗಣೇಶ ಚೌತಿ ಕಳೆದರೂ ಬಿಡುವುದಿಲ್ಲ. ಮನೆಗಳಿಗೆ ಜಂಬಿಟ್ಟಿಗೆಯ ಗೋಡೆ, ಇಳಿಜಾರಾದ ಹೆಂಚಿನ ಮಾಡು, ನೀರು ಒಳಹೊಗದಂತೆ ನೆಲದಿಂದ ಎತ್ತರಿಸಿದ ಕಟ್ಟೆ, ಕಟ್ಟೆಗೆ ಮೂರು ನಾಲ್ಕು ಮೆಟ್ಟಿಲು, ಒಳಗೆ ಗೇಣುದ್ದದ ಹೊಸ್ತಿಲು. ಮಳೆನಾಡಿನ ಜನ ತಲೆಮಾರುಗಳ ಅನುಭವದಿಂದ ಕಂಡುಕೊಂಡ ಕಟ್ಟಡದ ಕ್ರಮವಿದು. ಊರಿನ ಮಾತಿನಲ್ಲಿ ಮರಾಠಿ, ಕೊಂಕಣಿ, ಕನ್ನಡ ಮೂರೂ ಕಲೆತಿವೆ. ಅಂಗಡಿಗೆ ಬಂದವರು ಒಂದು ಭಾಷೆಯಲ್ಲಿ ಬೆಲೆ ಕೇಳಿ, ಮತ್ತೊಂದರಲ್ಲಿ ಚೌಕಾಸಿ ಮಾಡಿ, ಇನ್ನೊಂದರಲ್ಲಿ ಉದ್ರಿ ಬರೆಸಿ ಹೋಗುವುದು ಇಲ್ಲಿ ನಿತ್ಯದ ನೋಟ.

ನಮ್ಮ ದೊಡ್ಡಪ್ಪನ ಮಗ ಈ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟು ಮೂವತ್ತು ವರ್ಷಗಳಾದವು. ಬೈಲಹೊಂಗಲದ ಬಯಲಿನಿಂದ ಬಂದ ಕುಟುಂಬ ಇಲ್ಲಿಯ ಮಳೆಗೆ ಒಗ್ಗಿಕೊಂಡು ಇಲ್ಲಿಯದೇ ಆಗಿದೆ. 2024ರ ಗಣೇಶ ಚತುರ್ಥಿಯ ಮರುದಿನ, ಸೆಪ್ಟೆಂಬರ್ 8ರ ಭಾನುವಾರ, ನಾವು ಮನೆಯವರೊಡನೆ ಅಲ್ಲಿಗೆ ಹೋಗಿದ್ದೆವು. ದುಡಿಮೆಗೆಂದು ಬೆಳಗಾವಿ, ಗೋವೆ, ಪುಣೆ ಸೇರಿದ ಮಕ್ಕಳೆಲ್ಲ ಹಬ್ಬಕ್ಕೆ ಊರಿಗೆ ಮರಳಿದ್ದರು. ನೆರೆಮನೆಯ ಗಣಪತಿಯ ಮೇಲೆ ಕಾಡಿನ ಕಾಯಿ, ಹಣ್ಣು, ಎಲೆಗಳ ಗೊಂಚಲುಗಳನ್ನು ಗೋವೆಯ ಕಡೆಯವರಂತೆ ತೂಗುಹಾಕಿದ್ದರು. ಒಂದು ಮನೆಯಿಂದ ಆರತಿಯ ಹಾಡು, ಇನ್ನೊಂದು ಮನೆಯಿಂದ ಕರಿಗಡುಬಿನ ವಾಸನೆ, ಅಂಗಳದಲ್ಲಿ ಮಳೆ ನಿಂತ ಗಳಿಗೆಯಲ್ಲಿ ಫುಗಡಿ ಆಡುವ ಹೆಣ್ಣುಮಕ್ಕಳು. ಈ ಗದ್ದಲದ ನಡುವೆ ಅಣ್ಣನ ಅಂಗಡಿಯ ಕಟ್ಟೆಯ ಮೇಲೆ ಹತ್ತು ಹದಿನೈದು ಜನ ಒಂದು ಮೊಬೈಲನ್ನು ಸಕ್ಕರೆಯ ಡಬ್ಬಿಗೆ ಆನಿಸಿಟ್ಟು, ಅದರ ಸುತ್ತ ತಲೆಗೆ ತಲೆ ತಾಗಿಸಿ ಕುಳಿತಿದ್ದುದು ನಮ್ಮ ಕಣ್ಣಿಗೆ ಬಿತ್ತು. ನಡುವೆ ಗಾಲಿಕುರ್ಚಿಯಲ್ಲಿ ಅಣ್ಣನ ಹಿರಿಯ ಮಗ.

ಈ ಹುಡುಗನ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಊರಿನ ಕಬಡ್ಡಿ ತಂಡದಲ್ಲಿ ಒಳ್ಳೆಯ ದಾಳಿಗಾರನೆಂದು ಹೆಸರು ಪಡೆದವನು. 2021ರ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುನ್ನ ಮಾಡಿನ ಹೆಂಚು ಕೈಯಾಡಿಸಲು ಏರಿದ್ದಾಗ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ ಒಳಮನೆಯ ಕಿಟಕಿಯೇ ಅವನ ಜಗತ್ತಾಯಿತು. ಅಂಗಡಿಯ ಲೆಕ್ಕವನ್ನು ಅಲ್ಲಿಯೇ ಕುಳಿತು ಬರೆಯುತ್ತಿದ್ದ. ಹೊರಗೆ ಬರಬೇಕಾದರೆ ಎರಡು ಹೊಸ್ತಿಲು, ಕಟ್ಟೆಯಿಂದ ರಸ್ತೆಗೆ ಇಳಿಯಲು ಮೂರು ಮೆಟ್ಟಿಲು. ಕುರ್ಚಿಯನ್ನು ಎತ್ತಲು ನಾಲ್ಕು ಆಳು ಬೇಕು. ಆಸ್ಪತ್ರೆಗೆ ಹೋಗುವ ದಿನಗಳ ಹೊರತು ಆ ನಾಲ್ವರನ್ನು ಯಾರೂ ಕರೆಯುತ್ತಿರಲಿಲ್ಲ. ನಮ್ಮ ವೈನಿ ಈ ಬಗ್ಗೆ ಕೇಳಿದಾಗ ಕಣ್ಣೊರೆಸಿಕೊಂಡು, "ಹೊರಗ ಕುಂಡ್ರಿಸಿದ್ರ ಬಂದವರೆಲ್ಲಾ ಪಾಪ ಪಾಪ ಅಂತಾರ. ಅದನ್ನ ಕೇಳಿ ಕೇಳಿ ಅವಗ ಬ್ಯಾಸರ ಆಗತೈತಿ. ಅದಕ್ಕ ಒಳಗ ಇರ್ಲಿ ಅಂತ ಬಿಟ್ಟೇವಿ" ಎಂದಿದ್ದರು. ತಾಯಿಯ ಮಾತಿನಲ್ಲಿ ಪ್ರೀತಿಯ ಹೊರತು ಬೇರೇನೂ ಇರಲಿಲ್ಲ.

ಹೀಗಿದ್ದವನು ಹತ್ತು ದಿನಗಳಿಂದ ನಿತ್ಯವೂ ಕಟ್ಟೆಗೆ ಬರುತ್ತಿದ್ದುದಕ್ಕೆ ಕಾರಣ ಪ್ಯಾರಿಸ್ ನಗರದಲ್ಲಿ ಆಗಸ್ಟ್ 28ರಂದು ಆರಂಭವಾಗಿದ್ದ ಪ್ಯಾರಾಲಿಂಪಿಕ್ಸ್. ಕಾಡಿನ ಊರಾದ್ದರಿಂದ ಒಳಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕುವುದಿಲ್ಲ, ಕಟ್ಟೆಯ ಮೂಲೆಯಲ್ಲಿ ಮಾತ್ರ ಸಿಕ್ಕುತ್ತದೆ. ಆಟ ನೋಡಬೇಕೆಂದು ಅವನು ಹಟ ಹಿಡಿದ. ತಮ್ಮನೂ ಪಕ್ಕದ ಮನೆಯ ಗೌಂಡಿಯೂ ಅವನ ಮಕ್ಕಳೂ ಸೇರಿ ದಿನವೂ ಎತ್ತಿ ಹೊರತಂದರು. ಮೊದಲ ಎರಡು ದಿನ ಅವನೊಬ್ಬನೇ ನೋಡಿದ. ಮೂರನೆಯ ದಿನದಿಂದ ಅಂಗಡಿಗೆ ಎಣ್ಣೆ, ಅವಲಕ್ಕಿ ಒಯ್ಯಲು ಬಂದವರು ಒಂದು ಗಳಿಗೆ ನಿಂತು ಇಣುಕತೊಡಗಿದರು. ನಾವು ಹೋದ ದಿನ ಮಹಿಳೆಯರ ಬಾಸ್ಕೆಟ್‌ಬಾಲ್ ಫೈನಲ್ ಪಂದ್ಯ. ನೆದರ್ಲೆಂಡ್ಸ್ ಮತ್ತು ಅಮೆರಿಕದ ನಡುವೆ, ಬೆರ್ಸಿ ಎಂಬ ಕ್ರೀಡಾಂಗಣದಲ್ಲಿ.

ಗಾಲಿಕುರ್ಚಿಯ ಬಾಸ್ಕೆಟ್‌ಬಾಲನ್ನು ನಾವು ಹಿಂದೆ ಕಂಡಿರಲಿಲ್ಲ. ರೋಗಿಗಳಿಗೆ ಹೊತ್ತು ಕಳೆಯಲು ಹೇಳಿಕೊಟ್ಟ ಹಗುರವಾದ ಆಟವಿರಬಹುದೆಂದು ಯಾರಾದರೂ ಎಣಿಸಿದರೆ ಎರಡು ನಿಮಿಷದಲ್ಲಿ ಆ ಎಣಿಕೆ ಮಾಯವಾಗುತ್ತದೆ. ಅಂಗಣದ ಅಳತೆ ಕಾಲಿನ ಮೇಲೆ ಓಡಿ ಆಡುವವರದ್ದೇ. ಬುಟ್ಟಿಯ ಎತ್ತರವೂ ಅದೇ ಹತ್ತು ಅಡಿ. ತಂಡಕ್ಕೆ ಐದು ಜನ. ಹತ್ತು ನಿಮಿಷಗಳ ನಾಲ್ಕು ಸುತ್ತು. ಕುರ್ಚಿಯ ಚಕ್ರಗಳು ಮೇಲೆ ಒಳಕ್ಕೆ ವಾಲಿ, ಕೆಳಗೆ ಅಗಲವಾಗಿ ಹರಡಿರುತ್ತವೆ. ಆದ್ದರಿಂದ ಕುರ್ಚಿ ನಿಂತಲ್ಲಿಯೇ ಬುಗುರಿಯಂತೆ ತಿರುಗುತ್ತದೆ, ಸುಲಭವಾಗಿ ಮಗುಚುವುದಿಲ್ಲ. ಹಿಂದಕ್ಕೆ ಬೀಳದಿರಲೆಂದು ಹಿಂಬದಿಗೆ ಚಿಕ್ಕ ಗಾಲಿ, ಕಾಲು ಜಾರದಂತೆ ಪಟ್ಟಿ. ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಚಕ್ರವನ್ನು ಎರಡು ಬಾರಿ ತಳ್ಳಬಹುದು. ಮೂರನೆಯ ಬಾರಿ ತಳ್ಳುವ ಮುನ್ನ ಚೆಂಡನ್ನು ನೆಲಕ್ಕೆ ಪುಟಿಸಲೇಬೇಕು, ಇಲ್ಲವೇ ಜೊತೆಯವರಿಗೆ ಎಸೆಯಬೇಕು. ನಿಯಮದ ದೃಷ್ಟಿಯಲ್ಲಿ ಕುರ್ಚಿಯೂ ಆಟಗಾರ್ತಿಯ ಶರೀರದ ಭಾಗವೇ. ಅದಕ್ಕೆ ತಪ್ಪಾಗಿ ಗುದ್ದಿದರೆ ಫೌಲ್.

ಆದರೂ ಬೀಳುವವರು ಬೀಳುತ್ತಾರೆ. ಒಬ್ಬಾಕೆ ಕುರ್ಚಿಸಮೇತ ಮಗುಚಿದಾಗ ನೆರೆಮನೆಯ ಅಜ್ಜಿ, "ಅಗೊ ಬಾಯೀ, ಪಡಲೀ ಬಿಚಾರೀ" ಎಂದು ಮರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಿದ್ದವಳು ಕೈಯನ್ನು ನೆಲಕ್ಕೆ ಊರಿ, ಮೈಯನ್ನು ತಿರುಚಿ, ಕುರ್ಚಿಯೊಡನೆ ಎದ್ದು ಚೆಂಡಿನ ಬೆನ್ನು ಹತ್ತಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೊಬ್ಬಾಕೆ ಬಿದ್ದಳು. ಈ ಸಲ ಅಜ್ಜಿಯ ಬಾಯಿಂದ ಬಂದದ್ದು ಒಂದೇ ಶಬ್ದ: "ಫೌಲ್!" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹುಡುಗನೂ ಬಹಳ ದಿನಗಳ ಮೇಲೆ ಮನಸಾರೆ ನಕ್ಕ.

ಆಟದ ಬಿಡುವಿನಲ್ಲಿ ಅವನು ನಮಗೆ ತಿಳಿಸಿದ ಒಂದು ನಿಯಮವೇ ಈ ಲೇಖನವನ್ನು ಬರೆಯಲು ಮೂಲವಾಯಿತು. "ಕಾಕಾ, ಇದರಾಗ ಒಬ್ಬೊಬ್ಬರಿಗೂ ಒಂದೊಂದು ಅಂಕ ಇರ್ತೈತ್ರಿ. ನನ್ನಂಗ ನಡದಾಗ ಬಲ ಇಲ್ಲದವ್ರಿಗೆ ಒಂದು. ಮೈಯಾಗ ಭಾಳ ಬಲ ಉಳಿದವ್ರಿಗೆ ನಾಕೂವರಿ. ಅಂಗಣದಾಗ ಇರೋ ಐದೂ ಮಂದಿದು ಕೂಡಿಸಿದ್ರ ಹದಿನಾಕು ದಾಟಬಾರದು" ಎಂದ. ನಾವು ಬೆರಳು ಮಡಚಿ ಲೆಕ್ಕ ಹಾಕಿದೆವು. ನಾಲ್ಕೂವರೆ ಅಂಕದ ಐವರನ್ನು ಇಳಿಸಿದರೆ ಇಪ್ಪತ್ತೆರಡೂವರೆ ಆಯಿತು, ನಿಯಮ ಒಪ್ಪುವುದಿಲ್ಲ. ಅಂಥ ಇಬ್ಬರನ್ನು ಇಟ್ಟುಕೊಂಡರೆ ಒಂಬತ್ತು ಅಂಕ ಹೋಯಿತು, ಉಳಿದ ಮೂವರಿಗೆ ಐದೇ ಅಂಕ. ಎಂದರೆ ಒಂದು, ಒಂದೂವರೆ, ಎರಡು ಅಂಕದವರನ್ನು ಕರೆದುಕೊಳ್ಳದೆ ಬಲಿಷ್ಠರ ತಂಡವೊಂದು ನಿಲ್ಲಲಾರದು. ಬಲ ಕಡಿಮೆಯಿದ್ದವರನ್ನು ಇಲ್ಲಿ ದಯೆಯಿಂದ ಸೇರಿಸಿಕೊಂಡಿಲ್ಲ. ಅವರಿಲ್ಲದೆ ಆಟವೇ ಇಲ್ಲ.

ಹೆಸರಿಗೆ ಮಾತ್ರ ಅವರು ಅಂಗಣದಲ್ಲಿರುವುದೂ ಇಲ್ಲ. ಕುರ್ಚಿಯಲ್ಲಿ ಕುಳಿತವರು ಪಕ್ಕಕ್ಕೆ ಹೆಜ್ಜೆ ಸರಿಸಿ ನುಸುಳಲಾರರು. ಆದ್ದರಿಂದ ಸರಿಯಾದ ಜಾಗದಲ್ಲಿ, ಸರಿಯಾದ ಗಳಿಗೆಯಲ್ಲಿ ನಿಂತ ಕುರ್ಚಿ ಒಂದು ಗೋಡೆಯೇ ಸರಿ. ಒಂದಂಕದ ಆಟಗಾರ್ತಿ ಮುಂಚಿತವಾಗಿ ಹೋಗಿ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾಳೆ. ಆ ಗೋಡೆಯ ಮರೆಯಲ್ಲಿ ಎತ್ತರದವಳು ಬುಟ್ಟಿಯ ಬಳಿಗೆ ನುಗ್ಗುತ್ತಾಳೆ. ಅಂಕ ಬರುವುದು ನುಗ್ಗಿದವಳ ಹೆಸರಿಗೆ. ಆದರೆ ದಾರಿ ಮಾಡಿಕೊಟ್ಟವಳು ಯಾರೆಂಬುದು ಆಟ ಬಲ್ಲವರಿಗೆ ಗೊತ್ತು. ಕಬಡ್ಡಿಯಲ್ಲಿ ಕಾಲು ಹಿಡಿದವನಿಗೆ ಬೆನ್ನಾಗಿ ನಿಂತ ಸರಪಳಿಯವರಿದ್ದಂತೆ ಎಂದು ಹುಡುಗ ವಿವರಿಸಿದ. ಅಷ್ಟರಲ್ಲಿ ಗೌಂಡಿಯ ಮಗ, "ಹಂಗಾದ್ರ ನೀನು ಒಂದು ಪಾಯಿಂಟಿನ ಪ್ಲೇಯರ್ ಅಲ್ಲೇನು ಅಣ್ಣಾ?" ಎಂದು ಕೇಳಿದ. "ಹೌದು, ನನ್ನ ಬಿಟ್ಟು ನಿಮ್ಮ ಟೀಮ್ ಆಗೂದಿಲ್ಲ" ಎಂದು ಇವನು ಉತ್ತರಿಸಿದ. ಒಳಗಿನಿಂದ ಚಹಾ ತಂದ ವೈನಿ ಬಾಗಿಲಲ್ಲಿಯೇ ಒಂದು ಗಳಿಗೆ ನಿಂತುಬಿಟ್ಟರು.

ನೆದರ್ಲೆಂಡ್ಸ್ 63-49ರಿಂದ ಗೆದ್ದಿತು. 2021ರಲ್ಲಿ ಟೋಕಿಯೋದಲ್ಲಿ ಗೆದ್ದ ತಂಡವೂ ಅದೇ. ಇದಕ್ಕೆ ಆರು ದಿನ ಮುಂಚೆ, ಸೆಪ್ಟೆಂಬರ್ 2ರಂದು, ಗಾಲಿಕುರ್ಚಿಯ ರಗ್ಬಿಯಲ್ಲಿ ಜಪಾನ್ ತಂಡ ಅಮೆರಿಕವನ್ನು 48-41ರಿಂದ ಮಣಿಸಿ ಮೊದಲ ಬಾರಿಗೆ ಚಿನ್ನ ಗೆದ್ದುದನ್ನೂ ಈ ಕಟ್ಟೆ ನೋಡಿತ್ತಂತೆ. ಆ ರಗ್ಬಿ 1970ರ ದಶಕದಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ಹುಟ್ಟಿದ್ದು. ಕೈಗಳಲ್ಲಿಯೂ ಬಲ ಕುಂದಿದ್ದರಿಂದ ಬಾಸ್ಕೆಟ್‌ಬಾಲ್ ಆಡಲಾಗದವರು ತಮಗಾಗಿ ಅದನ್ನು ಕಟ್ಟಿಕೊಂಡರು. ಅದರಲ್ಲಿಯೂ ಇಂಥದೇ ಲೆಕ್ಕವಿದೆ: ನಾಲ್ವರು ಆಟಗಾರರು, ಒಟ್ಟು ಎಂಟು ಅಂಕ, ಗಂಡಸರು ಹೆಂಗಸರು ಒಂದೇ ತಂಡದಲ್ಲಿ.

ಈ ಆಟಗಳೆಲ್ಲದರ ಹಿಂದೆ ಯುದ್ಧದ ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರು ಹಾಸಿಗೆ ಹಿಡಿದು ಕೆಲವೇ ಕಾಲ ಬದುಕುತ್ತಾರೆಂಬುದು ಆಗಿನ ನಂಬಿಕೆ. ನಾಜಿಗಳ ಹಿಂಸೆಗೆ ಜರ್ಮನಿಯನ್ನು ತೊರೆದು ಇಂಗ್ಲೆಂಡ್ ಸೇರಿದ್ದ ಯಹೂದಿ ವೈದ್ಯ ಲುಡ್ವಿಗ್ ಗುಟ್ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರ ವಿಭಾಗದ ಹೊಣೆ ಹೊತ್ತರು. ರೋಗಿಗಳಿಗೆ ಔಷಧದಷ್ಟೇ ಆಟವೂ ಬೇಕೆಂದು ಸಾರಿದರು. 1948ರ ಜುಲೈ 29ರಂದು ಹದಿನಾರು ಜನ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯ ಸ್ಪರ್ಧೆ ನಡೆಸಿದರು. ಅದೇ ಕಾಲಕ್ಕೆ ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ ಗಾಲಿಕುರ್ಚಿಯ ಬಾಸ್ಕೆಟ್‌ಬಾಲ್ ಬೆಳೆಯುತ್ತಿತ್ತು. 1960ರಲ್ಲಿ ರೋಮ್ ನಗರದಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆದಾಗ ಆ ಆಟವೂ ಅದರಲ್ಲಿತ್ತು.

ಬೆಳಗಾವಿ ಎಂದರೆ ಮರಾಠಾ ಲಘು ಪದಾತಿ ದಳದ ಊರು. ಖಾನಾಪುರದ ಹಳ್ಳಿಗಳಿಂದ ಸೈನ್ಯ ಸೇರಿದ ಮಕ್ಕಳು ಬಹಳ. ಅಂಥ ಮನೆಗಳಿಗೆ ಮುರಳಿಕಾಂತ ಪೇಟ್ಕರ್ ಅವರ ಹೆಸರು ತಿಳಿದಿರಬೇಕು. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಂಪುರದವರಾದ ಇವರು ಸೈನ್ಯದಲ್ಲಿ ಕುಸ್ತಿ, ಮುಷ್ಟಿಯುದ್ಧಗಳಲ್ಲಿ ಪಳಗಿದವರು. 1965ರ ಯುದ್ಧದಲ್ಲಿ ಗುಂಡೇಟುಗಳಿಂದ ನಡಿಗೆ ಕಳೆದುಕೊಂಡರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಗೆದ್ದು, ಭಾರತಕ್ಕೆ ಪ್ಯಾರಾಲಿಂಪಿಕ್ಸಿನ ಮೊದಲ ಚಿನ್ನವನ್ನು ತಂದರು. ಪದ್ಮಶ್ರೀ ಅವರನ್ನು ಅರಸಿ ಬಂದದ್ದು 2018ರಲ್ಲಿ. ಪುಣೆಯ ಖಡ್ಕಿಯಲ್ಲಿ 1974ರಿಂದ ನಡೆಯುತ್ತಿರುವ ಸೈನಿಕರ ಪುನರ್ವಸತಿ ಕೇಂದ್ರದಲ್ಲಿ ಗಾಲಿಕುರ್ಚಿಯ ಆಟಗಳು ಇಂದಿಗೂ ದಿನಚರಿಯ ಭಾಗ. ದೇಶದಲ್ಲಿ ಗಾಲಿಕುರ್ಚಿಯ ಬಾಸ್ಕೆಟ್‌ಬಾಲಿಗೆ 2014ರಲ್ಲಿ ಚೆನ್ನೈಯ ಮಾಧವಿ ಲತಾ ಅವರ ಮುಂದಾಳತ್ವದಲ್ಲಿ ಒಕ್ಕೂಟ ಸ್ಥಾಪನೆಯಾಯಿತು. 2017ರಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ನಮ್ಮ ಮಹಿಳಾ ತಂಡ ಕಂಚಿನ ಪದಕ ಗಳಿಸಿತು. ಕರ್ನಾಟಕಕ್ಕೂ ಪುರುಷರ, ಮಹಿಳೆಯರ ತಂಡಗಳಿವೆ. ಪ್ಯಾರಿಸ್‌ನಲ್ಲಿ ಭಾರತ 29 ಪದಕ ಗೆದ್ದರೂ, ಗಾಲಿಕುರ್ಚಿಯ ಬಾಸ್ಕೆಟ್‌ಬಾಲ್, ರಗ್ಬಿಗಳ ಅಂಗಣದಲ್ಲಿ ನಮ್ಮ ತಂಡವಿರಲಿಲ್ಲ. ಅಲ್ಲಿಗೆ ತಲಪಲು ಇನ್ನೂ ದಾರಿಯಿದೆ.

ಪಂದ್ಯ ಮುಗಿದಾಗ ಹೊರಗೆ ಮಳೆ ಜೋರಾಗಿತ್ತು. ಪ್ಯಾರಾಲಿಂಪಿಕ್ಸ್ ಆ ದಿನಕ್ಕೆ ಕೊನೆಗೊಂಡಿತು. "ನಾಳಿಂದ ಆಟ ಇಲ್ಲ" ಎಂದು ಯಾರೋ ಅಂದರು. ಮಾತು ಸಣ್ಣದು. ಆದರೆ ಹುಡುಗನ ಮುಖ ಬಾಡಿದುದನ್ನು ನಾವೆಲ್ಲರೂ ಕಂಡೆವು. ಆಟವಿಲ್ಲವೆಂದರೆ ಎತ್ತಿ ತರಲು ಕಾರಣವಿಲ್ಲ. ಹಬ್ಬ ಮುಗಿದರೆ ಎತ್ತುವ ಕೈಗಳೂ ಪುಣೆ, ಗೋವೆಗಳಿಗೆ ಮರಳುತ್ತವೆ. ಮತ್ತೆ ಒಳಮನೆ, ಮತ್ತೆ ಅದೇ ಕಿಟಕಿ.

ಆಗ ಗೌಂಡಿ ಎದ್ದು, ಕಟ್ಟೆಯ ಎತ್ತರವನ್ನು ಗೇಣಿನಿಂದ ಅಳೆದ. ಒಂದೂವರೆ ಅಡಿ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಈ ಕೆಲಸದ ಒಪ್ಪಿತ ಅಳತೆ. ಎಂದರೆ ಹದಿನೆಂಟು ಅಡಿ. ಮುಂದೆ ರಸ್ತೆ, ಗಟಾರು. ಅಷ್ಟು ಜಾಗವಿಲ್ಲ. ಮನೆಯ ಬಲಮಗ್ಗುಲಿಗೆ ಗೋಡೆಗುಂಟ ಇಳಿಸಿದರೆ ಆದೀತು, ಆದರೆ ಅಲ್ಲಿ ವೈನಿಯವರ ತುಳಸಿಯ ಕಟ್ಟೆ, ಮಲ್ಲಿಗೆಯ ಬಳ್ಳಿ. "ಬಳ್ಳಿ ಬ್ಯಾರೆ ಕಡೆ ಹಚ್ಚಿದ್ರಾತು" ಎಂದು ವೈನಿಯವರೇ ಅಂದರು. ಒಳಗಿನ ಹೊಸ್ತಿಲುಗಳ ಮಾತು ಬಂದಾಗ ಅಣ್ಣ ತುಸು ಹೊತ್ತು ಸುಮ್ಮನಿದ್ದರು. ಹೊಸ್ತಿಲು ಪೂಜೆಗೊಳ್ಳುವ ಜಾಗ, ಕಡಿಯಲು ಮನಸ್ಸು ಬಾರದು. ಅದಕ್ಕೂ ಗೌಂಡಿ ದಾರಿ ತೋರಿದ. ಹೊಸ್ತಿಲನ್ನು ಮುಟ್ಟದೆ, ಎರಡೂ ಬದಿಗೆ ಹಲಸಿನ ಹಲಗೆಯ ಇಳಿಜಾರು ಕೂಡಿಸಿ, ಬೇಕಾದಾಗ ತೆಗೆಯುವಂತೆ ಮಾಡಬಹುದೆಂದ. ಆ ರಾತ್ರಿ ಊಟದ ಹೊತ್ತಿನಲ್ಲಿ ಮನೆಯವರೆಲ್ಲ ಮಾತಾಡಿದ್ದು ಅದೊಂದನ್ನೇ.

ಮುಂದೆ ಸಂಕ್ರಾಂತಿ ಕಳೆದ ವಾರ ನಾವು ಮತ್ತೆ ಕಣಕುಂಬಿಗೆ ಹೋದೆವು. ಮಳೆ ನಿಂತ ಮೇಲೆ ಕೆಲಸ ಹಿಡಿದು ಇಳಿಜಾರನ್ನು ಮುಗಿಸಿದ್ದರು. ಜಂಬಿಟ್ಟಿಗೆಯ ಮೇಲೆ ಸಿಮೆಂಟಿನ ಗಿಲಾವು. ಪಾಚಿಗಟ್ಟಿದರೂ ಚಕ್ರ ಜಾರದಂತೆ ಅಡ್ಡಗೆರೆ ಕೊರೆದಿದ್ದರು. ಒಂದು ಬದಿಗೆ ಹಿಡಿದುಕೊಳ್ಳಲು ಕೊಳವೆ, ಮೇಲ್ತುದಿಯಲ್ಲಿ ಕುರ್ಚಿ ತಿರುಗುವಷ್ಟು ಸಮತಟ್ಟು. ಹುಡುಗ ಅಂಗಡಿಯ ಗಲ್ಲೆಯ ಮುಂದೆ ಕುಳಿತಿದ್ದ. ತಕ್ಕಡಿಯನ್ನು ಅವನ ಕೈಗೆ ಎಟಕುವಂತೆ ಇಳಿಸಿದ್ದರು. ಉದ್ರಿಯವರ ಬಾಕಿಯನ್ನು ಮೂರೂ ಭಾಷೆಗಳಲ್ಲಿ ನೆನಪಿಸುತ್ತಿದ್ದ. ಸಂಜೆ ಶಾಲೆಯ ಬಯಲಿನಲ್ಲಿ ನಡೆಯುವ ಕಬಡ್ಡಿಗೆ ಅವನೇ ಪಂಚನೆಂದೂ, ಅವನ ತೀರ್ಪಿನ ಮೇಲೆ ಹುಡುಗರು ಜಗಳ ತೆಗೆಯುವರೆಂದೂ ತಮ್ಮ ಹೇಳಿದ. ಜಗಳದ ವಿಷಯ ಕೇಳಿ ನಮಗೆ ಸಂತೋಷವೇ ಆಯಿತು. ಒಳಮನೆಯಲ್ಲಿದ್ದಾಗ ಅವನೊಡನೆ ಜಗಳವಾಡುವವರು ಯಾರೂ ಇರಲಿಲ್ಲ.

ಎಲ್ಲವೂ ನೇರ್ಪಟ್ಟಿತೆಂದು ಹೇಳಲಾಗದು. ಬಸ್ಸಿನ ಮೆಟ್ಟಿಲು ಏರುವುದು ಇಂದಿಗೂ ಅವನಿಗೆ ಅಸಾಧ್ಯ. ಮಳೆಗಾಲದಲ್ಲಿ ಕೆಸರಿನ ಓಣಿಯಲ್ಲಿ ಚಕ್ರ ಹೂಳುತ್ತದೆ. ಬಾಸ್ಕೆಟ್‌ಬಾಲ್ ಆಡುವ ಕುರ್ಚಿಯನ್ನು ಅವನಿನ್ನೂ ಮುಟ್ಟಿ ಕಂಡಿಲ್ಲ. ಆಡಬೇಕೆಂಬ ಆಸೆಯನ್ನು ಅವನು ಮುಚ್ಚಿಡುವುದೂ ಇಲ್ಲ.

ಓದುಗ ಬಂಧುಗಳ ಮನೆಗಳಲ್ಲಿ, ಓಣಿಗಳಲ್ಲಿ ಇಂಥವರು ಇದ್ದೇ ಇರುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಕಟ್ಟಡಗಳಲ್ಲಿ ಅವರಿಗೆ ದಾರಿ ಇರಬೇಕೆಂದು ವಿಧಿಸಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳು ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಪಂಚಾಯತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗುರುತಿನ ಚೀಟಿ, ಸಾಧನ ಸಲಕರಣೆಗಳಿಗೆ ಅವರನ್ನು ಕಾಣಬಹುದು. ಮಠ, ಕಲ್ಯಾಣ ಮಂಟಪ, ಪ್ರಸಾದ ನಿಲಯಗಳನ್ನು ಕಟ್ಟಿಸುವ ದಾನಿಗಳು ನಮ್ಮ ಸಮಾಜದಲ್ಲಿ ಬಹಳ. ಕಟ್ಟಡದ ನಕ್ಷೆಯಲ್ಲಿಯೇ ಮೆಟ್ಟಿಲಿನ ಮಗ್ಗುಲಿಗೆ ಒಂದು ಇಳಿಜಾರನ್ನು ಸೇರಿಸಿದರೆ ಖರ್ಚು ಅಲ್ಪ. ಕಟ್ಟಿದ ಮೇಲೆ ಒಡೆದು ಮಾಡುವುದು ಕಷ್ಟ. ದಾಸೋಹದ ಪಂಕ್ತಿಯವರೆಗೆ ಗಾಲಿಕುರ್ಚಿ ಬರಲು ದಾರಿಯಿದೆಯೇ ಎಂದು ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಒಮ್ಮೆ ನೋಡಿಕೊಳ್ಳಬೇಕು.

ಮುಂದಿನ ಪ್ಯಾರಾಲಿಂಪಿಕ್ಸ್ 2028ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಡೆಯಲಿದೆ. ಮೊಬೈಲಿನ ಬದಲು ದೊಡ್ಡ ಪರದೆಯನ್ನು ತರಿಸಿ ನೋಡಬೇಕೆಂದು ಕಣಕುಂಬಿಯ ಹುಡುಗರು ಈಗಲೇ ವಂತಿಗೆಯ ಲೆಕ್ಕ ಹಾಕುತ್ತಿದ್ದಾರೆ. ಲೆಕ್ಕದ ಪುಸ್ತಕ ಗಲ್ಲೆಯ ಮುಂದೆ ಕುಳಿತವನ ಕೈಯಲ್ಲಿಯೇ ಇದೆ.